ಮುಂದಿನ ಹಲಗೆ

ಹೊಳಪಕ್ಕನಿಗೆ ಹೊಟ್ಟೆಕಿಚ್ಚು ಇರಲಿಲ್ಲ. ಇದನ್ನು ಅವಳೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು, ಯಾರೂ ಕೇಳದೆ ಇದ್ದಾಗಲೂ. "ನಂಗ್ಯಾಕೆ ಹೊಟ್ಟೆಕಿಚ್ಚು? ಅವಳ ಕೆಲಸ ಅವಳದು, ನನ್ನ ಕೆಲಸ ನಂದು." ಹಾಗೆ ಹೇಳುವಾಗ ಅವಳ ಕೈಯಲ್ಲಿದ್ದ ಉಪ್ಪುಕಾಗದ ಹಲಗೆಯನ್ನು ಉಜ್ಜುತ್ತಿದ್ದ ರಭಸ ನೋಡಿದರೆ ಹಲಗೆಯ ಮೇಲೆ ಕನಿಕರ ಬರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಕೂಗಿರಲೇ ಇಲ್ಲ, ಇವಳೇ ಎರಡೂ ಹೆಗಲು ಕೊಡವಿಕೊಂಡು ಓಡಾಡುತ್ತಿದ್ದಳು.

ಹೊಳಪಕ್ಕ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೆಲಸ ಕೊಟ್ಟ ಹೆಸರು. ಹೊಳೆ ಸಮುದ್ರ ಸೇರುವ ಕಡೆ, ತಗಡಿನ ಮಾಡಿನ ಉದ್ದ ಶೆಡ್ಡಿನಲ್ಲಿ, ಅವರ ಮನೆಯವರು ದೋಣಿ ಕಟ್ಟುತ್ತಿದ್ದರು. ಮಾವ ತೀರಿಕೊಂಡ ಮೇಲೆ ಯಜಮಾನಿಕೆ ಅತ್ತೆಯದು. ಆಕೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಒಂದು ಮೊಳೆಯೂ ಆಕೆಯ ಕಣ್ಣು ತಪ್ಪಿಸಿ ಒಳಗೆ ಬರುವಂತಿರಲಿಲ್ಲ. ದೊಡ್ಡ ಮಗ ಬಡಗಿ. ಅವನ ಹೆಂಡತಿಯೇ ಹೊಳಪಕ್ಕ. ಚಿಕ್ಕ ಮಗ ಎಂಜಿನ್ ಕೂರಿಸುವವನು. ದೋಣಿಯ ಮೈ ಈಗಿನ ಕಾಲದಲ್ಲಿ ಫೈಬರಿನದು, ತೊಳೆದಿಟ್ಟ ತಟ್ಟೆಯ ಹಾಗೆ ಬೋಳು. ಅದರ ಬಾಯಿಯ ಸುತ್ತ ಮರದ ಅಂಚು ಕೂರಿಸಿ, ಕೈ ಹಿಡಿಯಲು ಮರದ ಪಟ್ಟಿ ಕೊಟ್ಟು, ಕೋಣೆಯ ಬಾಗಿಲಿಗೆ ಮರದ ಚೌಕಟ್ಟು ಹಾಕಿದ ಮೇಲೇ ಅದಕ್ಕೊಂದು ಮುಖ ಬರುವುದು. ಆ ಮುಖಕ್ಕೆ ಕಳೆ ಕೊಡುವವಳು ಹೊಳಪಕ್ಕ. ಏಳು ಕೈ ವಾರ್ನಿಷ್. ಒಂದೊಂದು ಕೈ ಒಣಗಿದ ಮೇಲೂ ಉಜ್ಜಿ, ಒರೆಸಿ, ಉಸಿರು ಬಿಗಿಹಿಡಿದು ಮತ್ತೊಂದು ಕೈ. ಅವಳು ಎಳೆದ ಪದರದಲ್ಲಿ ಬ್ರಷ್ಷಿನ ಒಂದು ಗೆರೆ ಹುಡುಕಿ ತೋರಿಸಿದವರಿಲ್ಲ. ಅಂಚಿನಲ್ಲಿ ಮುಖ ನೋಡಿ ತಲೆ ಬಾಚಿಕೊಂಡ ದೋಣಿಯವರಿದ್ದರು.

ಆ ಶೆಡ್ಡಿನಲ್ಲಿ ಮಾವನ ಕಾಲದಿಂದ ಒಂದು ಪದ್ಧತಿ ಇತ್ತು. ದೋಣಿ ಮೊದಲ ಸಲ ನೀರಿಗಿಳಿದು ಆಚೆ ದಡ ಮುಟ್ಟಿ ಬರುವಾಗ, ಅದರ ಅಂಚನ್ನು ಕೊನೆಗೆ ಮುಟ್ಟಿದ ಕೈ ಯಾರದೋ ಅವರು ಮೂತಿಯ ಹತ್ತಿರದ ಮುಂದಿನ ಹಲಗೆಯ ಮೇಲೆ ಕೂರಬೇಕು. ಅಂಚು ಮುಗಿದರೆ ದೋಣಿ ಮುಗಿದಂತೆ ಎಂಬುದು ಮಾವನ ಲೆಕ್ಕ. ಕೊನೆಯ ಕೈ ಯಾವಾಗಲೂ ವಾರ್ನಿಷ್ಷಿನದೇ ಆದ್ದರಿಂದ, ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಹಲಗೆ ಹೊಳಪಕ್ಕನದು. ವರ್ಷವೆಲ್ಲ ಬಗ್ಗಿ, ಕುಕ್ಕರುಗಾಲಲ್ಲಿ ಕೂತು, ದೋಣಿಯ ಹೊಟ್ಟೆಯ ಕೆಳಗೆ ತೆವಳಿ ಮಾಡಿದ ಕೆಲಸಕ್ಕೆ ಅದೊಂದು ಸಲ ಅವಳು ಬೆನ್ನು ನೆಟ್ಟಗೆ ಮಾಡಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಮುಖಕ್ಕೆ ನೀರು ಸಿಡಿಯುತ್ತಿತ್ತು. ದಡದಲ್ಲಿ ನಿಂತವರು ಕೈ ಬೀಸುತ್ತಿದ್ದರು. ಅಲ್ಲಿ ಕೂತಾಗ ಅತ್ತೆಯೂ "ಸ್ವಲ್ಪ ಸರಿ" ಎನ್ನುವಂತಿರಲಿಲ್ಲ.

ಇನ್ನು ವಾರಗಿತ್ತಿ. ಮೈದುನನನ್ನು ಕಟ್ಟಿಕೊಂಡು ಬರುವ ಮೊದಲು ಅವಳು ಪ್ಲಾಸ್ಟಿಕ್ ಕಿಟಕಿ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ನಗು ಜಾಸ್ತಿ, ಮಾತು ಅದಕ್ಕಿಂತ ಜಾಸ್ತಿ. ಬಂದ ಹೊಸತರಲ್ಲಿ ಹೊಳಪಕ್ಕನ ಹಿಂದೆ ಹಿಂದೆ ಸುತ್ತಿ, "ಅಕ್ಕ, ನಂಗೂ ಕಲಿಸ್ಕೊಡಿ" ಎಂದಳು. ಕಲಿಸಿಕೊಡುವುದಿಲ್ಲ ಎನ್ನಲು ಅತ್ತೆ ಎದುರಿಗೇ ಕೂತಿದ್ದರು. ಹೊಳಪಕ್ಕ ಕಲಿಸಿದಳು. ಪೂರ್ತಿ ಕಲಿಸಿದಳೇ ಎಂಬುದನ್ನು ಆಮೇಲೆ ನೋಡೋಣ. ವಾರಗಿತ್ತಿ ಒಂದು ಸಣ್ಣ ದೋಣಿಗೆ ಏಳು ಕೈ ಹಚ್ಚಿದಳು, ನೋಡಲು ಚೆನ್ನಾಗಿಯೇ ಇತ್ತು. ನೀರಿಗಿಳಿದ ಎರಡನೇ ತಿಂಗಳಿಗೆ ಬಿಸಿಲು ತಾಗಿ, ನೀರು ನುಗ್ಗಿ, ಪದರ ಪದರ ಎದ್ದು ಬಂತು. ದೋಣಿಯವನು ಬಾಗಿಲಿಗೆ ಬಂದು ಕೂಗಾಡಿದ. "ಬಿಡು, ಎಲ್ಲರ ಕೈಗೂ ಬರೋ ವಿದ್ಯೆ ಅಲ್ಲ ಅದು" ಎಂದು ಅತ್ತೆ ಚಿಕ್ಕ ಸೊಸೆಗೆ ಹೇಳಿದ ಆ ಒಂದು ಮಾತನ್ನು ಹೊಳಪಕ್ಕ ಎಷ್ಟೋ ದಿನ ಬಾಯಲ್ಲಿಟ್ಟುಕೊಂಡು ಚೀಪಿದಳು.

ಆದರೆ ಸಕ್ಕರೆ ಎಷ್ಟು ದಿನ ಬಾಯಲ್ಲಿ ಉಳಿದೀತು? ವಾರಗಿತ್ತಿ ಕೆಲವು ತಿಂಗಳು ನಗು ಮರೆತವಳಂತೆ ಓಡಾಡಿದಳು. ಆಮೇಲೊಂದು ದಿನ ತನ್ನ ಹಳೆಯ ಕಾರ್ಖಾನೆಯ ಕಡೆಯಿಂದ ನಾಲ್ಕು ಹಲಗೆ ಹೊರಿಸಿಕೊಂಡು ಬಂದಳು. ಬಣ್ಣ ತೇಗದ್ದು, ಮೈಮೇಲೆ ಮರದ ಗೆರೆಯ ಅಚ್ಚು, ಒಳಗೆಲ್ಲ ಪ್ಲಾಸ್ಟಿಕ್. ಒಂದು ತುಂಡನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮಳೆಗಾಲ ಪೂರ್ತಿ ಬಿಟ್ಟಳು. ತೆಗೆದಾಗ ಅದು ಹಾಕಿದ ಹಾಗೇ ಇತ್ತು.

"ಇದು ಕೊಳೆಯಲ್ಲ ಭಾವ, ಗೆದ್ದಲು ಹಿಡಿಯಲ್ಲ. ವಾರ್ನಿಷ್ಷೂ ಬೇಡ, ವರ್ಷ ವರ್ಷ ಉಜ್ಜೋದೂ ಬೇಡ" ಎಂದಳು.

ಹೊಳಪಕ್ಕನ ಗಂಡ ಗರಗಸ ಹಾಕಿ ನೋಡಿದ. ಗಂಟಿಲ್ಲ, ಸೀಳುವುದಿಲ್ಲ, ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ. "ಬಿಸಿಲಿಗೆ ಉದ್ದ ಆಗುತ್ತೆ ಭಾವ, ತುದೀಲಿ ಸ್ವಲ್ಪ ಜಾಗ ಬಿಡಿ" ಎಂದು ಅವಳು ಹೇಳಿದ್ದಕ್ಕೆ ತಲೆಯಾಡಿಸಿ ಜಾಗವನ್ನೂ ಬಿಟ್ಟ. ಕೆಲಸ ಮಾಡುತ್ತ ಮಾಡುತ್ತ ಅವನು ಒಂದು ರಾಗ ಗುನುಗತೊಡಗಿದ. ಹೊಳಪಕ್ಕನ ಎದೆಗೆ ಬೆಂಕಿ ಬಿದ್ದದ್ದು ಆಗಲೇ. ಇಷ್ಟು ವರ್ಷ ತಾನು ಪಕ್ಕದಲ್ಲಿ ಕೂತು ಉಜ್ಜುವಾಗ ಈ ಮನುಷ್ಯ ಮರದ ಗಂಟಿಗೆ ಬೈಯುತ್ತ, ಉಳಿಗೆ ಬೈಯುತ್ತ, ಮಧ್ಯೆ ಮಧ್ಯೆ ತನಗೂ ಬೈಯುತ್ತ ಕೆಲಸ ಮಾಡಿದವನು. ಗುನುಗಲು ಬರುತ್ತದೆ ಎಂಬುದೇ ಗೊತ್ತಿರಲಿಲ್ಲ.

"ಮರ ಸತ್ತ ಮೇಲೂ ಮರವೇ. ಇದು ಹುಟ್ಟುವಾಗ್ಲೇ ಸತ್ತಿದೆ" ಎಂದು ಹೊಳಪಕ್ಕ ಮೂಗು ಮುರಿದಳು.

"ಆಯ್ತು ಕಣೆ. ನಿನ್ನ ಸೊಂಟಕ್ಕೂ ಒಂಚೂರು ಆರಾಮ ಸಿಕ್ತಲ್ಲ" ಎಂದ ಗಂಡ, ಒಳ್ಳೆಯ ಮನಸ್ಸಿನಿಂದಲೇ. ಒಳ್ಳೆಯ ಮನಸ್ಸಿನ ಗಂಡಸರು ಹಾಕುವ ಬರೆ ಬೇಗ ಮಾಯುವುದಿಲ್ಲ.

ಮೊದಲು ಒಂದು ದೋಣಿಯ ಕೈಪಟ್ಟಿ ಪ್ಲಾಸ್ಟಿಕ್ಕಿನದಾಯಿತು. ಆಮೇಲೆ ಇನ್ನೊಂದರ ಬಾಗಿಲ ಚೌಕಟ್ಟು. ವರ್ಷಕ್ಕೊಮ್ಮೆ ತಪ್ಪದೆ ಬಂದು, "ನಿನ್ನ ಕೈ ಬಿಟ್ಟು ಬೇರೆ ಕೈ ಮುಟ್ಟಿಸಲ್ಲ ತಾಯಿ" ಎನ್ನುತ್ತಿದ್ದ ಹಳೆಯ ಮೀನುಗಾರನೊಬ್ಬ ಈ ಸಲ ದೂರದಿಂದಲೇ ನಮಸ್ಕಾರ ಹಾಕಿ ವಾರಗಿತ್ತಿಯ ಕಡೆ ಹೋದ. ಹೊಳಪಕ್ಕ ತನ್ನ ಬ್ರಷ್ಷುಗಳನ್ನು ಟರ್ಪಂಟೈನಿನಲ್ಲಿ ತೊಳೆದಳು, ಒಣಗಿಸಿದಳು, ಮತ್ತೆ ತೊಳೆದಳು. ರಾತ್ರಿ ಊಟಕ್ಕೆ ಕೂತಾಗ ವಾರಗಿತ್ತಿ ಬಾಯಿಗಿಟ್ಟ ಒಂದೊಂದು ತುತ್ತನ್ನೂ ಎಣಿಸುವಷ್ಟು ಅವಳ ಮನಸ್ಸು ಕೆಟ್ಟಿತು. ಹೊಟ್ಟೆಕಿಚ್ಚು ಮಾತ್ರ ಇರಲಿಲ್ಲ.

ಆ ಹೊತ್ತಿಗೆ ಜನ ದಾಟಿಸುವ ದೊಡ್ಡ ಲಾಂಚೊಂದರ ಕೆಲಸ ಬಂತು. ಅದರ ಮಾಲೀಕ ಹೊಟ್ಟೆಯ ಮನುಷ್ಯ, ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟವನಲ್ಲ. ಸುತ್ತಲಿನ ಅಂಚೆಲ್ಲ ಪ್ಲಾಸ್ಟಿಕ್ಕಿನದೇ ಬೇಕು ಎಂದ. ಮುಂದಿನ ಹಲಗೆ ಒಂದು ಮಾತ್ರ ಮರದ್ದು, ಏಕೆಂದರೆ ಪ್ಲಾಸ್ಟಿಕ್ ಹಲಗೆ ಮೇಲೆ ಜನ ಕೂತರೆ ಬಳುಕುತ್ತದೆ ಎಂದು ಗಂಡ ಹಟ ಹಿಡಿದಿದ್ದ. ಅದಕ್ಕೆ ಒಂದು ಕೈ ವಾರ್ನಿಷ್ ಹಚ್ಚು ಎಂದು ಹೊಳಪಕ್ಕನಿಗೆ ಯಾರೂ ಹೇಳಲಿಲ್ಲ. ಹೇಳದೆ ಹಚ್ಚಲು ಅವಳಿಗೂ ಬಿಗುಮಾನ. ಹಲಗೆ ಬೋಳಾಗಿಯೇ ಉಳಿಯಿತು.

ಲಾಂಚು ನೀರಿಗಿಳಿಯುವ ಹಿಂದಿನ ದಿನ ವಾರಗಿತ್ತಿ ಅಂಚಿನ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ಅತ್ತೆ ಕುರ್ಚಿಯಿಂದಲೇ ಕೂಗಿ ಹೇಳಿದರು. "ಇನ್ನೇನಮ್ಮ, ಅಂಚು ಮುಗಿಸಿದೋಳು ನೀನು. ನಾಳೆ ಮುಂದಿನ ಹಲಗೆ ನಿಂದೇ."

ಹೊಳಪಕ್ಕ ಅಲ್ಲೇ ಇದ್ದಳು. ಖಾಲಿ ವಾರ್ನಿಷ್ ಡಬ್ಬಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಅತ್ತೆ ಹೇಳಿದ್ದು ನ್ಯಾಯವಾಗಿಯೇ ಇತ್ತು, ಅದೇ ಅವಳಿಗೆ ಸಹಿಸಲಾಗಲಿಲ್ಲ. ಅನ್ಯಾಯವಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾಳೆ ಬೆಳಿಗ್ಗೆ ಊರವರೆಲ್ಲ ದಡದಲ್ಲಿ ನಿಂತಿರುವಾಗ ತಾನು ಹಿಂದೆ ಎಲ್ಲೋ ಚೀಲ ಹಿಡಿದುಕೊಂಡು ಕೂರಬೇಕು, ಅವಳು ಮುಂದೆ. ಗಂಡ ಚುಕ್ಕಾಣಿ ಹಿಡಿದು ನೋಡುವುದು ಅವಳ ಬೆನ್ನನ್ನು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಟರು. "ನಂಗೆ ಹಸಿವಿಲ್ಲ" ಎಂದಳು ಹೊಳಪಕ್ಕ. ಶೆಡ್ಡು ಖಾಲಿಯಾದದ್ದೇ ತಡ, ಡಬ್ಬ ಮತ್ತು ಬ್ರಷ್ ಹಿಡಿದು ಲಾಂಚು ಹತ್ತಿದಳು. ಪ್ಲಾಸ್ಟಿಕ್ ಅಂಚು ಮಂಕಾಗಿ, ಕಣ್ಣಲ್ಲಿ ಜೀವವಿಲ್ಲದವರಂತೆ ಬಿದ್ದಿತ್ತು. ಒಂದೇ ಒಂದು ಕೈ ಹಚ್ಚಿಬಿಟ್ಟರೆ? ಆಗ ಕೊನೆಗೆ ಅಂಚು ಮುಟ್ಟಿದವರು ಯಾರು? ಅಭ್ಯಾಸಬಲದಿಂದ ಮೊದಲು ತೆಳುವಾಗಿ ಕಲಸಿದ್ದನ್ನು ಹಚ್ಚಿದಳು. ಅದು ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿಹನಿಯಾಗಿ ಜಾರಿತು. ಅಷ್ಟು ವರ್ಷ ವಾರ್ನಿಷ್ಷಿನಲ್ಲೇ ಬದುಕಿದವಳಿಗೆ ಅಲ್ಲೇ ನಿಲ್ಲಿಸಬೇಕೆಂದು ತಿಳಿಯಬೇಕಿತ್ತು. ತಿಳಿಯುವ ಜಾಗದಲ್ಲಿ ಆಗ ಬೇರೇನೋ ತುಂಬಿತ್ತು. ಉಪ್ಪುಕಾಗದದಿಂದ ಗರಗರ ಉಜ್ಜಿ, ದಪ್ಪ ವಾರ್ನಿಷ್ಷನ್ನೇ ಎಳೆದಳು. ಅಂಚು ಝಗ್ಗೆಂದಿತು. ಹಚ್ಚುತ್ತ ಹಚ್ಚುತ್ತ ಅವಳೂ ಒಂದು ರಾಗ ಗುನುಗಿದಳು, ಗಂಡ ಗುನುಗಿದ್ದೇ. ಕೆಲಸ ಮುಗಿಸಿ, ಧೂಳು ಕೂರಬಾರದೆಂದು ಟಾರ್ಪಾಲು ಮುಚ್ಚಿದಳು. ಯಾರಾದರೂ ಕೇಳಿದರೆ ಹೇಳಲು ಮಾತೂ ಸಿದ್ಧವಾಗಿತ್ತು: ಪಾಪ, ಬಣಬಣ ಅಂತಿತ್ತು, ಒಂದು ಕೈ ಹಚ್ಚಿದೆ ಅಷ್ಟೆ.

ಬೆಳಿಗ್ಗೆ ಜನ ಸೇರಿದರು. ಮಾಲೀಕ ಇಸ್ತ್ರಿ ಮುರಿಯದ ಬಿಳಿ ಅಂಗಿಯಲ್ಲಿ ಬಂದ. ಟಾರ್ಪಾಲು ಎಳೆದ ಕೂಡಲೇ ಎಲ್ಲರ ಬಾಯಿಂದ ಒಟ್ಟಿಗೆ "ಆಹಾ" ಹೊರಟಿತು. ಬಿಸಿಲು ಅಂಚಿನ ಮೇಲೆ ಉದ್ದಕ್ಕೂ ಹರಿದಾಡುತ್ತಿತ್ತು.

"ಏನಮ್ಮ ಇದು! ಪ್ಲಾಸ್ಟಿಕ್ಕನ್ನೂ ಹಿಂಗೆ ಹೊಳೆಯೋ ಹಾಗೆ ಮಾಡಿದ್ದೀಯಲ್ಲ" ಎಂದು ಮಾಲೀಕ ವಾರಗಿತ್ತಿಯ ಕಡೆ ತಿರುಗಿ ಕೈ ಮುಗಿದ. ನೆರೆದವರೆಲ್ಲ ಅವಳನ್ನೇ ನೋಡಿದರು.

ಹೊಳಪಕ್ಕ ಸಿದ್ಧ ಮಾಡಿಟ್ಟುಕೊಂಡ ಮಾತನ್ನು ಯಾರೂ ಕೇಳಲೇ ಇಲ್ಲ. ತನ್ನ ಹೊಳಪಿನ ಹೊಗಳಿಕೆಯೂ ಅವಳ ಪಾಲಿಗೇ ಹೋಯಿತೇ! "ಅಲ್ಲ, ಅದು" ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಮಾಲೀಕ ಒಳಗೆ ಇಣುಕಲು ಅಂಚಿನ ಮೇಲೆ ಹೊಟ್ಟೆ ಊರಿದ್ದ. ಏಳಲು ಹೋದಾಗ ಅಂಗಿ ಏಳಲಿಲ್ಲ. ಎಳೆದುಕೊಂಡ. ಪಟಪಟನೆ ಸದ್ದಾಗಿ ಬಿಳಿ ಅಂಗಿಯ ಅಡ್ಡಕ್ಕೆ ಸೊಂಟಪಟ್ಟಿಯ ಹಾಗೆ ಕಂದು ಗೆರೆಯೊಂದು ಮೂಡಿತು. ಅತ್ತ ವಾರಗಿತ್ತಿ ಲಾಂಚು ಹತ್ತಲೆಂದು ಅಂಚು ಹಿಡಿದಿದ್ದಳು; ಅವಳು ಕೈ ಕಿತ್ತಾಗ ಅಂಗೈಯಗಲದ ಹೊಳೆಯುವ ಪೊರೆ ಕೈಯ ಜೊತೆಗೇ ಎದ್ದು ಬಂತು.

ಗಂಡ ಬಂದು ಬೆರಳಿಟ್ಟು ನೋಡಿದ. ಬ್ರಷ್ಷಿನ ಒಂದು ಗೆರೆಯೂ ಇಲ್ಲದ ಪದರ. ಅವನು ಇನ್ನೇನೂ ಹುಡುಕಲಿಲ್ಲ, ನೇರವಾಗಿ ಹೆಂಡತಿಯ ಮುಖ ನೋಡಿದ. ಹೊಳಪಕ್ಕ ನೀರಿನ ಕಡೆ ನೋಡಿದಳು. ನೀರಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಯಾರ ಕೆಲಸ ಇದು?" ಎಂದರು ಅತ್ತೆ.

ವಾರಗಿತ್ತಿ ಅಂಗೈಯ ಪೊರೆಯನ್ನು ಬಿಸಿಲಿಗೆ ಹಿಡಿದು ನೋಡಿ, ಹೊಳಪಕ್ಕನ ಕಡೆ ಒಂದು ಸಲ ಕಣ್ಣು ಹಾಯಿಸಿ, ನಕ್ಕುಬಿಟ್ಟಳು. "ಇದಾ? ಇದು ಮೇಲಿನ ಪೊರೆ ಅತ್ತೆ. ಹೊಸ ಕಿಟಕಿಗೆ ಗೀರು ಬೀಳದೆ ಇರ್ಲಿ ಅಂತ ಅಂಟಿಸಿರ್ತಾರಲ್ಲ, ಹಂಗೆ. ಕಿತ್ತು ಹಾಕ್ಬೇಕಿತ್ತು, ಹೊತ್ತು ಸಿಗ್ಲಿಲ್ಲ. ಅಣ್ಣಾ, ನೀವು ಬೇರೆ ಅಂಗಿ ಹಾಕ್ಕೊಂಡು ಸಾಯಂಕಾಲ ಬನ್ನಿ. ಲಾಂಚು ರೆಡಿ ಇರುತ್ತೆ."

ಮಾಲೀಕ ನಂಬಿದ. ಅತ್ತೆ ನಂಬಲಿಲ್ಲ, ಆದರೆ ಗಿರಾಕಿಯ ಎದುರು ನಂಬಿದರು. ಹೊಳಪಕ್ಕನಿಗೆ ಬೈದಿದ್ದರೆ, ಎರಡು ಬಿಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಯಾರ ಮೇಲೆ ಹೊಟ್ಟೆ ಉರಿಯುತ್ತಿತ್ತೋ ಅವಳೇ ಬಂದು ಮಾನ ಕಾಪಾಡಿದರೆ ಆ ಮಾನವನ್ನು ಎಲ್ಲಿ ಇಟ್ಟುಕೊಳ್ಳುವುದು?

ಜನ ಚದುರಿದ ಮೇಲೆ ಇಬ್ಬರೂ ಲಾಂಚಿನ ಎರಡು ಪಕ್ಕ ಕೂತು ವಾರ್ನಿಷ್ ಕೀಳತೊಡಗಿದರು. ತಗಡಿನ ಚೂರಿನಿಂದ ತುದಿ ಎಬ್ಬಿಸಿದರೆ ಸಾಕು, ಪೊರೆ ಮೊಳದುದ್ದ ಎದ್ದು ಬರುತ್ತಿತ್ತು. ಅರ್ಧ ಅಂಚು ಬೋಳಾದ ಮೇಲೆ ವಾರಗಿತ್ತಿಯೇ ಮಾತು ತೆಗೆದಳು.

"ಅಕ್ಕ, ನಾನು ಮೊದ್ಲು ಹಚ್ಚಿದ ದೋಣಿ ನೆನಪಿದೆಯಾ? ಅದೂ ಹಿಂಗೇ ಎದ್ದಿತ್ತು."

"ಹ್ಞೂಂ."

"ಇದೇನೋ ಪ್ಲಾಸ್ಟಿಕ್ಕು, ಹಿಡೀಲಿಲ್ಲ. ಅದು ಮರ ಅಲ್ವಾ? ಯಾಕೆ ಎದ್ದಿತು ಅಂತ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ. ಶೆಡ್ಡಿನ ಹಿಂದೆ ತುಂಡು ಹಲಗೆ ಇಟ್ಕೊಂಡು ಎಷ್ಟು ಸಲ ಹಚ್ಚಿದೆ ಗೊತ್ತಾ? ನೀವು ಹೇಳಿದ ಹಾಗೇ ಏಳು ಕೈ. ಎಲ್ಲಾ ಎದ್ದೇ ಬರೋದು. ನೀವು ಹಚ್ಚಿದ್ದು ನೋಡಿದ್ರೆ ಸಾಕು, ನಂಗೆ ಹೊಟ್ಟೆ ಉರೀತಿತ್ತು ಅಕ್ಕ. ನಿಜ ಹೇಳ್ತೀನಿ, ರಾತ್ರಿ ನಿದ್ದೆ ಬರ್ತಿರಲಿಲ್ಲ." ಅವಳು ಕಿತ್ತ ಪೊರೆಯನ್ನು ಉಂಡೆ ಮಾಡಿ ಬುಟ್ಟಿಗೆ ಎಸೆದಳು. "ನಿಮ್ಮ ಹೊಳಪು ನನ್ನ ಕೈಗೆ ಬರಲ್ಲ ಅಂತ ಗೊತ್ತಾಯ್ತು. ಅದಕ್ಕೇ ಹೊಳಪೇ ಬೇಡದ್ದನ್ನ ತಂದುಬಿಟ್ಟೆ."

ಹೊಳಪಕ್ಕನ ಕೈ ನಿಂತಿತು. ಮೊದಲು ಆದದ್ದು ಸಂತೋಷ, ಸುಳ್ಳು ಹೇಳಿ ಏನು ಪ್ರಯೋಜನ. ತನ್ನನ್ನು ನೋಡಿ ಈ ಹೆಣ್ಣು ನಿದ್ದೆಗೆಟ್ಟಿದ್ದಳು! ಅದರ ಹಿಂದೆಯೇ ಇನ್ನೊಂದು ಬಂದು ಎದೆಯ ಮೇಲೆ ಕೂತಿತು. ಆ ಮರದ ಅಂಚು ಯಾಕೆ ಎದ್ದಿತು ಎಂಬುದು ಅವಳಿಗೆ ಗೊತ್ತಿತ್ತು, ಅವಳೊಬ್ಬಳಿಗೇ ಗೊತ್ತಿತ್ತು. ವಾರ್ನಿಷ್ಷಿನ ಮೊದಲ ಕೈಯನ್ನು ಹಚ್ಚುವುದಲ್ಲ, ಮರಕ್ಕೆ ಕುಡಿಸುವುದು. ಅರ್ಧ ವಾರ್ನಿಷ್ಷಿಗೆ ಅರ್ಧ ಟರ್ಪಂಟೈನ್ ಬೆರೆಸಿದರೆ ಅದು ಮರದೊಳಕ್ಕೆ ಇಳಿದು ಬೇರು ಬಿಡುತ್ತದೆ, ಮೇಲಿನ ಆರೂ ಅದನ್ನು ಹಿಡಿದು ನಿಲ್ಲುತ್ತವೆ. ದಪ್ಪವಾಗಿ ಹಚ್ಚಿದರೆ ಮೇಲೇ ಕೂರುತ್ತದೆ, ಒಂದು ದಿನ ಏಳುತ್ತದೆ. ವಾರಗಿತ್ತಿಗೆ ಕಲಿಸುವಾಗ ಅವಳು ಉಜ್ಜುವುದು ಹೇಳಿಕೊಟ್ಟಿದ್ದಳು, ಒರೆಸುವುದು, ಬ್ರಷ್ ಹಿಡಿಯುವುದು, ಗಾಳಿಯ ಹೊತ್ತು ನೋಡುವುದು ಎಲ್ಲ ಹೇಳಿಕೊಟ್ಟಿದ್ದಳು. ಆ ಒಂದನ್ನು ಮಾತ್ರ ತಾನು ಬೆಳಿಗ್ಗೆ ಬೇಗ ಎದ್ದು, ಅವಳು ಬರುವ ಮೊದಲೇ ಕಲಸಿ, ಹಚ್ಚಿ, ಡಬ್ಬ ತೊಳೆದಿಡುತ್ತಿದ್ದಳು.

ಅಂದರೆ ಈ ಪ್ಲಾಸ್ಟಿಕ್ಕನ್ನು ಶೆಡ್ಡಿಗೆ ಕರೆತಂದವರು ಯಾರು? ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡು, ಇಷ್ಟು ದಿನ ಪಕ್ಕದವಳನ್ನು ದುರುಗುಟ್ಟಿ ನೋಡಿದ್ದಾಯಿತು. ಹೇಳಿಬಿಡೋಣ ಎಂದು ಬಾಯವರೆಗೆ ಬಂತು. "ಆ ಮೂಲೇಲಿ ಇನ್ನೂ ಅಂಟಿದೆ ನೋಡು" ಎಂದಷ್ಟೇ ಹೇಳಿದಳು.

ಸಂಜೆ ಮಾಲೀಕ ಇನ್ನೊಂದು ಬಿಳಿ ಅಂಗಿಯಲ್ಲಿ ಬಂದು, ಅಂಚಿನಿಂದ ಮೊಳದೂರ ನಿಂತ. ಕೆಲಸ ಮುಗಿದಿತ್ತು. ವಾರಗಿತ್ತಿ ಬಟ್ಟೆಯಿಂದ ಅಂಚನ್ನು ಕೊನೆಯ ಸಲ ಒರೆಸಿದಳು. ಹೊಳಪಕ್ಕನಿಗೆ ಆ ಜಾಗದಲ್ಲಿ ಒಂದು ಕಲೆ ಕಂಡಿತು, ಅವಳು ಒರೆಸಿದಳು. ವಾರಗಿತ್ತಿಗೆ ಇನ್ನೊಂದು ಕಲೆ ಕಂಡಿತು. ಅದನ್ನು ಅವಳು ಒರೆಸಿ ಬಟ್ಟೆ ಮಡಿಸುವಷ್ಟರಲ್ಲಿ ಹೊಳಪಕ್ಕನಿಗೆ ಮತ್ತೊಂದು. ಲಾಂಚು ನೀರಿಗಿಳಿಸುವ ಹಳಿಯ ಮೇಲೆ ಜಾರತೊಡಗಿದರೂ ಇಬ್ಬರೂ ಅದರೊಳಗೆ ನಿಂತು ಒರೆಸುತ್ತಲೇ ಇದ್ದರು.

"ಎರಡು ಜಡೆ ಒಂದು ಕಡೆ ಸೇರಲ್ಲ ಅಂತಾರೆ. ಇವತ್ತು ಸೇರ್ಲಿ!" ಎಂದು ಅತ್ತೆ ದಡದಿಂದ ಕೂಗಿದರು. "ಇಬ್ರೂ ಕೂತ್ಕೊಳ್ಳಿ. ಇಲ್ಲಾಂದ್ರೆ ಇಬ್ರೂ ಇಳೀರಿ."

ಇಬ್ಬರೂ ಕೂತರು. ಹಲಗೆ ಒಬ್ಬರಿಗೆ ಮಾಡಿದ್ದು, ಒಬ್ಬೊಬ್ಬರ ಅರ್ಧ ಮೈ ಹೊರಗೇ ಇತ್ತು. ಮೈದುನ ಎಂಜಿನ್ ಹಚ್ಚಿದ, ಗಂಡ ಚುಕ್ಕಾಣಿ ಹಿಡಿದ, ಮಾಲೀಕ ಅವನ ಪಕ್ಕ ಏನನ್ನೂ ಮುಟ್ಟದೆ ನಿಂತ. ಮುಖಕ್ಕೆ ನೀರು ಸಿಡಿಯಿತು. ಎಷ್ಟೋ ಸಲ ಸಿಡಿದ ನೀರೇ, ಆದರೆ ಈ ಸಲ ಅರ್ಧ ಪಕ್ಕದವಳ ಮುಖಕ್ಕೆ ಹೋಯಿತು. ಹೊಳೆಯ ನಡುವೆ ಬಂದಾಗ ಹೊಳಪಕ್ಕ ಮುಂದೆ ನೋಡಿಕೊಂಡೇ ಮೆಲ್ಲಗೆ ಹೇಳಿದಳು, "ಮೊದಲನೇ ಕೈಗೆ ಅರ್ಧ ಟರ್ಪಂಟೈನ್ ಬೆರೆಸ್ಬೇಕು."

"ಏನು?" ಎಂಜಿನ್ನಿನ ಸದ್ದಿಗೆ ವಾರಗಿತ್ತಿಗೆ ಕೇಳಿಸಲಿಲ್ಲ.

"ಮೊದಲನೇ ಕೈಗೆ!"

"ಕೇಳಿಸ್ತಿಲ್ಲ ಅಕ್ಕ!"

"ಮೊದಲನೇ ಕೈಗೆ ಅರ್ಧ ಟರ್ಪಂಟೈನ್ ಬೆರೆಸ್ಬೇಕು! ಅದನ್ನ ನಾನು ನಿಂಗೆ ಹೇಳಿರಲಿಲ್ಲ! ಬೇಕೂಂತಲೇ ಹೇಳಿರಲಿಲ್ಲ!"

ಅಷ್ಟರಲ್ಲಿ ಮೈದುನ ಎಂಜಿನ್ನಿನ ವೇಗ ಇಳಿಸಿದ್ದ. ಕೊನೆಯ ಮಾತು ಗಂಡನಿಗೆ ಕೇಳಿಸಿತು, ಮಾಲೀಕನಿಗೆ ಕೇಳಿಸಿತು, ಆಚೆ ದಡದಲ್ಲಿ ಬಲೆ ಒಣಗಿಸುತ್ತಿದ್ದವರೂ ತಲೆ ಎತ್ತಿದರು. ಸದಾ ನಗುವ ವಾರಗಿತ್ತಿ ನಗಲಿಲ್ಲ. ಅವಳ ಕಣ್ಣು ತುಂಬಿತ್ತೋ, ಸಿಡಿದ ನೀರೋ, ಹೊಳಪಕ್ಕ ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

"ಈಗ ಹೇಳ್ತೀರಲ್ಲ ಅಕ್ಕ" ಎಂದಳು ವಾರಗಿತ್ತಿ. "ಹಚ್ಚೋಕೆ ಈಗ ಮರ ಎಲ್ಲಿದೆ?"

ಹೊಳಪಕ್ಕ ಲಾಂಚಿನ ಸುತ್ತ ಕಣ್ಣಾಡಿಸಿದಳು. ಅಂಚು ಪ್ಲಾಸ್ಟಿಕ್ಕು, ಕೈಪಟ್ಟಿ ಪ್ಲಾಸ್ಟಿಕ್ಕು, ಬಾಗಿಲ ಚೌಕಟ್ಟು ಪ್ಲಾಸ್ಟಿಕ್ಕು. ಆಮೇಲೆ ಅವಳ ಕೈ ತಾನಾಗಿಯೇ ಕೆಳಗೆ ಹೋಗಿ, ತಾವು ಕೂತಿದ್ದ ಬೋಳು ಹಲಗೆಯ ಒರಟು ಮೈಯನ್ನು ಸವರಿತು.

"ಇಲ್ಲಿದೆ" ಎಂದಳು. "ನಾವು ಕೂತಿರೋದು ಮರದ ಮೇಲೇ. ಮೊದಲನೇ ಕೈ ನಿನ್ನದೇ ಆಗ್ಲಿ, ನಾನು ಪಕ್ಕದಲ್ಲಿ ಕೂತು ಕಲಸಿ ಕೊಡ್ತೀನಿ. ಸ್ವಲ್ಪ ಎದ್ದೇಳು, ನೋಡೋಣ ಎಷ್ಟು ಉಜ್ಜಬೇಕು ಅಂತ."

ವಾರಗಿತ್ತಿ ಮೂಗೊರೆಸಿಕೊಂಡು, ಹಲಗೆಯನ್ನು ಗಟ್ಟಿಯಾಗಿ ಹಿಡಿದಳು. "ನೀವು ದೊಡ್ಡೋರು. ಮೊದ್ಲು ನೀವು ಏಳಿ."

"ಚಿಕ್ಕೋಳು ನೀನು, ನೀನು ಏಳು."

ಲಾಂಚು ಆಚೆ ದಡ ಮುಟ್ಟಿತು, ತಿರುಗಿತು, ಈಚೆ ದಡಕ್ಕೆ ಬಂತು. ಇಬ್ಬರೂ ಏಳಲಿಲ್ಲ.